ಕೆರೆ ಏರಿಯಿಂದ ಕಡಲಾಚೆಗೆ

ಪ್ರಶ್ನೆ: ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮೂರ ಕೆರೆ ಏರಿಯ ಮೇಲೆ ಏರೋಪ್ಲೇನ್ ಚಿಟ್ಟೆಗಳು ನೂರಾರು ಸಂಖ್ಯೆಯಲ್ಲಿ ಹಾರಾಡುತ್ತವೆ. ಕಾಜಾಣ, ಕಳ್ಳಿಪೀರಗಳಿಗೆ ಹಬ್ಬವೋ ಹಬ್ಬ. ಆಮೇಲೆ ಒಂದು ದಿನ ಚಿಟ್ಟೆಗಳೇ ಮಾಯ. ಸತ್ತು ಬಿದ್ದದ್ದೂ ಕಾಣುವುದಿಲ್ಲ. ಎಲ್ಲಿಗೆ ಹೋಗುತ್ತವೆ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಒಂದಷ್ಟು ಹಕ್ಕಿಗಳ ಹೊಟ್ಟೆಗೆ, ಇನ್ನೊಂದಷ್ಟು ಆಫ್ರಿಕಾದ ಕಡೆಗೆ. ತಮಾಷೆ ಮಾಡುತ್ತಿಲ್ಲ.

ನೀವು ಕಂಡದ್ದು ಬಹುಶಃ ಪ್ಯಾಂಟಾಲಾ ಫ್ಲಾವೆಸೆನ್ಸ್ ಎಂಬ ಜಾತಿ. ಮೈ ಹೊಂಬಣ್ಣ, ಹಿಂದಿನ ರೆಕ್ಕೆಯ ಬುಡ ಅಗಲ. ಇನ್ನೂ ಸುಲಭದ ಗುರುತೆಂದರೆ ಅದು ಕೂರುವುದೇ ಅಪರೂಪ. ಜೊಂಡಿನ ತುದಿಯಿಂದ ಹಾರಿ ಮತ್ತೆ ಅದೇ ತುದಿಗೆ ಬಂದು ಕೂರುವ ಕೆಂಪು ಚಿಟ್ಟೆ ಬೇರೆ. ಅದು ನಿಮ್ಮ ಕೆರೆಯ ಖಾಯಂ ನಿವಾಸಿ. ಇದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ದಣಿದರೆ ಯಾವುದಾದರೂ ಕಡ್ಡಿಗೆ ಜೋತುಬೀಳುತ್ತದೆ.

ಇದರ ಸಂಸಾರಕ್ಕೆ ಕೆರೆಯೇ ಬೇಕೆಂದಿಲ್ಲ, ಮಳೆನೀರು ನಿಂತ ಗುಂಡಿ ಸಾಕು. (ಹೊಳೆಯುವ ಕಾರಿನ ಬಾನೆಟ್ಟನ್ನೇ ನೀರೆಂದು ಭ್ರಮಿಸಿ ಮೊಟ್ಟೆಯಿಡಲು ಹೋಗುವುದೂ ಉಂಟು.) ಮರಿಗಳು ಸೊಳ್ಳೆಮರಿಗಳಂಥವನ್ನು ತಿಂದು, ಗುಂಡಿ ಬತ್ತುವ ಮುಂಚೆ, ಒಂದೂವರೆ ತಿಂಗಳ ಆಸುಪಾಸಿನಲ್ಲಿ ರೆಕ್ಕೆ ಬಿಚ್ಚುತ್ತವೆ. ಮುಂದಿನ ಪೀಳಿಗೆಗೆ ಮತ್ತೆ ಹೊಸ ಮಳೆ ಬೇಕು. ನಮ್ಮಲ್ಲಿ ಮುಂಗಾರು ಹಿಂದೆ ಸರಿದ ಮೇಲೆ ಆ ಮಳೆ ಸಿಗುವುದು ಸಮುದ್ರದಾಚೆ, ಪೂರ್ವ ಆಫ್ರಿಕಾದಲ್ಲಿ.

ಇದರ ಸುಳಿವು ಸಿಕ್ಕಿದ್ದು ಮಾಲ್ಡೀವ್ಸಿನಲ್ಲಿ. ಅಲ್ಲಿ ನೆಲೆಸಿದ್ದ ಕಡಲಜೀವಿ ವಿಜ್ಞಾನಿ ಚಾರ್ಲ್ಸ್ ಆಂಡರ್ಸನ್, ಪ್ರತಿ ಅಕ್ಟೋಬರಿನಲ್ಲಿ ಈ ಚಿಟ್ಟೆಗಳು ದಂಡುಕಟ್ಟಿ ಬಂದಿಳಿಯುವುದನ್ನು ವರ್ಷಗಟ್ಟಲೆ ಗಮನಿಸಿದರು. ಆ ಹವಳದ ದ್ವೀಪಗಳಲ್ಲಿ ನೆಲದ ಮೇಲೆ ಸಿಹಿನೀರು ನಿಲ್ಲುವುದೇ ಕಷ್ಟ. ಅಷ್ಟೊಂದು ಚಿಟ್ಟೆ ಅಲ್ಲಿ ಹುಟ್ಟಿರಲು ಸಾಧ್ಯವಿಲ್ಲ. ಅವು ಭಾರತದಿಂದ ಹೊರಟು, ಎತ್ತರದಲ್ಲಿ ಬೀಸುವ ಗಾಳಿಯ ಬೆನ್ನೇರಿ ಆಫ್ರಿಕಾ ಸೇರುತ್ತವೆ, ಅವುಗಳ ಮುಂದಿನ ಪೀಳಿಗೆಗಳು ಮುಂಗಾರಿನ ಗಾಳಿಯ ಜೊತೆ ಹಿಂತಿರುಗುತ್ತವೆ ಎಂದು 2009ರಲ್ಲಿ ಅವರು ವಾದಿಸಿದರು. ಹೋಗಿಬರುವ ದಾರಿ 14,000ದಿಂದ 18,000 ಕಿಲೋಮೀಟರ್ ಎಂಬುದು ಅವರ ಅಂದಾಜು. ಮರಿ ಬೆಳೆದ ನೀರಿನ ರಾಸಾಯನಿಕ ಗುರುತು ಚಿಟ್ಟೆಯ ರೆಕ್ಕೆಯಲ್ಲಿ ಉಳಿದಿರುತ್ತದೆ. 2012ರಲ್ಲಿ ಅದನ್ನು ಪರೀಕ್ಷಿಸಿದಾಗ, ಮಾಲ್ಡೀವ್ಸಿಗೆ ಬಂದವು ಉತ್ತರ ಭಾರತ ಅಥವಾ ಅದಕ್ಕೂ ಆಚೆಯವು ಎಂದು ತೋರಿತು. ಹಾಗಾಗಿ ನಿಮ್ಮ ಏರಿಯ ಮೇಲೆ ಕಂಡವು ನಿಮ್ಮ ಕೆರೆಯಲ್ಲೇ ಹುಟ್ಟಿದವೆಂದು ಹೇಳುವಂತಿಲ್ಲ. ದಾರಿಯಲ್ಲಿ ತಂಗಿದವೂ ಇದ್ದಾವು.

ಹಕ್ಕಿಗಳ ಕಥೆ ನನಗೆ ಇದಕ್ಕಿಂತ ಸ್ವಾರಸ್ಯ. ಸೈಬೀರಿಯಾದ ಆಗ್ನೇಯ ಭಾಗ ಮತ್ತು ಉತ್ತರ ಚೀನಾದಲ್ಲಿ ಮರಿಮಾಡುವ ಅಮುರ್ ಫಾಲ್ಕನ್ ಎಂಬ ಪುಟ್ಟ ಬೇಟೆಹಕ್ಕಿ, ಅಕ್ಟೋಬರ್–ನವೆಂಬರಿನಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಲಕ್ಷಗಟ್ಟಲೆ ಸೇರಿ, ಆಮೇಲೆ ಭಾರತವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ ಆಫ್ರಿಕಾಕ್ಕೆ ಹೋಗುತ್ತದೆ. ಅದೇ ಕಾಲ, ಅದೇ ಗಾಳಿ. ನಡುಗಡಲಲ್ಲಿ ಅದಕ್ಕೆ ಊಟ ಎಲ್ಲಿಂದ? ಜೊತೆಯಲ್ಲೇ ಹಾರುವ ಈ ಚಿಟ್ಟೆಗಳೇ ಬುತ್ತಿ ಇರಬೇಕು ಎಂಬುದು ಆಂಡರ್ಸನ್ ಊಹೆ. ನನಗಂತೂ ಒಪ್ಪಬಹುದಾದ ಊಹೆಯೆನಿಸುತ್ತದೆ.

ನಿಮ್ಮ ಕಳ್ಳಿಪೀರ ಮಾಡುವುದೂ ಅದನ್ನೇ, ಕೂತಲ್ಲಿಂದ. ಅದು ಕೂರುವ ವಿದ್ಯುತ್ ತಂತಿಯ ಕೆಳಗೆ ಒಮ್ಮೆ ನೆಲ ನೋಡಿ, ಉದುರಿದ ರೆಕ್ಕೆಗಳು ಸಿಕ್ಕಾವು. ಹಿಡಿದ ಚಿಟ್ಟೆಯನ್ನು ಅಗಸ ಬಟ್ಟೆ ಒಗೆದಂತೆ ತಂತಿಗೆ ಬಡಿಬಡಿದು ನುಂಗುತ್ತದೆ. ಅದರ ನಂಟ, ನೀಲಿ ಬಾಲದ ಕಳ್ಳಿಪೀರ, ಏರೋಪ್ಲೇನ್ ಚಿಟ್ಟೆ ಹಿಡಿಯುವುದರಲ್ಲಿ ಇನ್ನೂ ನಿಸ್ಸೀಮ. ಬೇಸಿಗೆಯಲ್ಲಿ ಶ್ರೀರಂಗಪಟ್ಟಣದ ಬಳಿಯ ನಗುವನಹಳ್ಳಿಗೆ ಹೋದರೆ, ಕಾವೇರಿ ದಂಡೆಯ ಬಿಲಗಳಲ್ಲಿ ಅವು ಮರಿ ಸಾಕುವುದನ್ನು ನೋಡಬಹುದು. ದೂರದಿಂದ ನೋಡಿ, ಕ್ಯಾಮೆರಾ ಹಿಡಿದು ಬಿಲದ ಬಾಯಿಗೇ ಹೋಗುವವರ ಕಾಟ ಎಲ್ಲೆಡೆ ಹೆಚ್ಚಾಗಿದೆ.

ಈ ಸಲ ಚಿಟ್ಟೆಗಳು ಬಂದಾಗ ಒಂದು ಗಮನಿಸಿ. ಒಂದೇ ಜಾಗದಲ್ಲಿ ಸುತ್ತುತ್ತಿದ್ದರೆ ಗುಂಗಾಡು, ಸೊಳ್ಳೆ ಹಿಡಿದು ಹೊಟ್ಟೆ ತುಂಬಿಸಿಕೊಳ್ಳುತ್ತಿವೆ ಎಂದರ್ಥ. ಎಲ್ಲವೂ ಒಂದೇ ದಿಕ್ಕಿಗೆ, ತಿರುಗದೆ ಸಾಗುತ್ತಿದ್ದರೆ ಅದು ಪಯಣ. ತಾರೀಖು ಮತ್ತು ಗಾಳಿಯ ದಿಕ್ಕು ಬರೆದಿಟ್ಟುಕೊಂಡು ನಮಗೂ ತಿಳಿಸಿ.