ತೇಗದ ಚಿಗುರೂ ಪತಂಗವೂ

ಓಕ್ ಮರದ ಚಿಗುರನ್ನು ನಂಬಿ ಬಾಳುವ ವಸಂತದ ಪತಂಗಗಳು ಯೂರೋಪಿನಲ್ಲಿವೆ. ಕರ್ನಾಟಕದ ಕಾಡುಗಳಲ್ಲಿ ಅಂಥ ಬಾಳು ನಡೆಸುವುದು ತೇಗದ ಪತಂಗ. ಇದರ ಶಾಸ್ತ್ರೀಯ ನಾಮ ಹಿಬ್ಲಿಯ ಪ್ಯೂರ. ಬೇಸಗೆಯಲ್ಲಿ ಬರಿದಾದ ತೇಗವು ಮುಂಗಾರಿಗೆ ಮುಂಚಿನ ಮಳೆಗೆ ಚಿಗುರುತ್ತಲೇ ಪತಂಗಗಳು ಹಿಂಡುಹಿಂಡಾಗಿ ಬಂದು ಎಳೆಯ ಎಲೆಗಳ ಮೇಲೆ ಮೊಟ್ಟೆಯಿಡುತ್ತವೆ. ಮರಿಹುಳುಗಳು ಎಲೆಯಂಚನ್ನು ಕತ್ತರಿಸಿ ಮಡಿಚಿ, ಆ ಮರೆಯಲ್ಲಿ ಅಡಗಿ ಮೇಯುತ್ತವೆ. ಎರಡು ವಾರಗಳೊಳಗೆ ದಪ್ಪ ನರಗಳಷ್ಟೇ ಉಳಿಯುತ್ತವೆ.

ಮರವು ಸಾಯದು, ಮತ್ತೆ ಚಿಗುರುತ್ತದೆ. ಹಾಗಾದರೆ ನಷ್ಟವೇನು? ಎಲೆಯೇ ಮರದ ಅಡಿಗೆಮನೆ. ಮರುಚಿಗುರಿಗೆ ವ್ಯಯವಾದ ಆಹಾರ ಕಾಂಡಕ್ಕೆ ಸೇರದು. ಕೇರಳದ ನಿಲಂಬೂರಿನ ಎಳೆಯ ತೋಪುಗಳಲ್ಲಿ ನಡೆದು 1985ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮರದ ವಾರ್ಷಿಕ ಬೆಳವಣಿಗೆಯಲ್ಲಿ ಶೇಕಡಾ 44ರಷ್ಟು ಇದರಿಂದ ಕುಂದುತ್ತದೆ.

ಪರಿಹಾರವೂ ಪ್ರಕೃತಿಯಲ್ಲೇ ಇದೆ. ಈ ಹುಳುಗಳಿಗೆ ರೋಗ ತರುವ ವೈರಸ್ಸೊಂದನ್ನು ಸಿಂಪಡಿಸಿ ಹಾವಳಿಯನ್ನು ತಗ್ಗಿಸಬಹುದೆಂದು ಪ್ರಯೋಗಗಳು ತೋರಿಸಿವೆ. ವಿಷವು ಕಂಡಕಂಡ ಕೀಟಗಳನ್ನೆಲ್ಲ ಕೊಲ್ಲುವಂತೆ ಇದು ಕೊಲ್ಲದು.