ಮನೆಯಲ್ಲಿಯೇ ಚಿಪ್ಪು ಅಣಬೆ ಬೆಳೆಯೋಣ

ಮಳೆ ಕಡಿಮೆ ಇರುವ ನಮ್ಮ ಜತ್ ತಾಲೂಕಿನಲ್ಲಿ ಹೊಸ ಬೆಳೆ ಎಂದೊಡನೆ ಮೊದಲ ಪ್ರಶ್ನೆ ನೀರಿನದು. ಮರಾಠಿಯಲ್ಲಿ ಅಳಂಬಿ ಎನ್ನುವ ಅಣಬೆಗೆ ಹೊಲವೂ ಬೇಡ, ಬಾವಿಯೂ ಬೇಡ. ಗಾಳಿಯಾಡುವ ನೆರಳಿನ ಕೋಣೆ, ಸ್ವಲ್ಪ ನೀರು ಸಾಕು. ಸನಮಡಿಯಂತಹ ಊರುಗಳಿಗೆ ಮಳೆಗಾಲ, ಚಳಿಗಾಲವೇ ತಕ್ಕ ಸಮಯ. ಬಿರುಬೇಸಿಗೆಯಲ್ಲಿ ಇದು ಬಾರದು.

ಯಾವ ಹೊಟ್ಟು?

ಜೋಳದ ಕಣಿಕೆಯ ಮೇಲೂ ಅಣಬೆ ಬರುತ್ತದೆ. ಆದರೆ ಬರ ಬಂದಾಗ ಕಣಿಕೆಯೇ ದನಗಳ ಜೀವ. ಅದನ್ನು ಮುಟ್ಟದೆ ಗೋಧಿ ಹೊಟ್ಟು, ಸೋಯಾ ಹೊಟ್ಟು ಅಥವಾ ಕಬ್ಬಿನ ರವದಿ ಬಳಸೋಣ. ಅದು ಬೂಸ್ಟು ಹಿಡಿದಿರಬಾರದು.

ಬೆಳೆಯುವ ಕ್ರಮ

1. ಒಂದು ಕಿಲೋ ಒಣ ಹೊಟ್ಟನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿರಿ. ಬಸಿದು, 70ರಿಂದ 80 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ಇಡಿರಿ. ಇದನ್ನು ಬಿಟ್ಟರೆ ಹಸಿರು ಬೂಸ್ಟು ಬೀಜವನ್ನು ನುಂಗುತ್ತದೆ.

2. ಬಸಿದು ಆರಿಸಿರಿ. ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಂಗೈ ಮಾತ್ರ ಒದ್ದೆಯಾಗಬೇಕು.

3. ಕೈ ತೊಳೆದು, ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಬೆರಳು ಹೊಟ್ಟು, ಅಂಚಿಗೆ ಬೀಜ, ಹೀಗೆ ಪದರ ಪದರವಾಗಿ ತುಂಬಿರಿ. 100 ಗ್ರಾಂ ಬೀಜ ಸಾಕು. ಬಾಯಿ ಕಟ್ಟಿ 10–15 ಸಣ್ಣ ತೂತು ಮಾಡಿರಿ.

4. 15ರಿಂದ 20 ದಿನ ಕತ್ತಲಲ್ಲಿಡಿರಿ. ಒಳಗೆಲ್ಲ ಬಿಳಿಯಾದಾಗ ಚೀಲ ಕತ್ತರಿಸಿ, ಬೆಳಕು-ಗಾಳಿ ಇರುವೆಡೆ ತೂಗಿಬಿಡಿರಿ. ಸುತ್ತ ಗೋಣಿತಾಟು ಕಟ್ಟಿ ಒದ್ದೆಯಾಗಿಡಿರಿ. ದಿನಕ್ಕೆ ಎರಡು ಮೂರು ಸಲ ನೀರು ಸಿಂಪಡಿಸಿರಿ.

5. ಮೊಗ್ಗು ಮೂಡಿದ ಮೂರು ನಾಲ್ಕು ದಿನಕ್ಕೆ, ಅಂಚು ಸುರುಳಿಯಾಗುವ ಮೊದಲೇ ತಿರುವಿ ಕೀಳಿರಿ. ಎರಡು ಮೂರು ಕೊಯ್ಲಿನಲ್ಲಿ ಅರ್ಧ ಕಿಲೋ ಅಥವಾ ಹೆಚ್ಚು ಸಿಗುತ್ತದೆ. ಉಳಿದ ಹೊಟ್ಟು ತಿಪ್ಪೆಗೆ ಒಳ್ಳೆಯ ಗೊಬ್ಬರ.

ಆರೋಗ್ಯದ ಮಾತು

ಹಸಿ ಅಣಬೆಯಲ್ಲಿ ಸುಮಾರು 90 ಭಾಗ ನೀರೇ. ಸಸಾರಜನಕವಿದೆ ನಿಜ, ಆದರೆ ಬೇಳೆಯನ್ನು ಬಿಡಬಾರದು. ಚೆನ್ನಾಗಿ ಬೇಯಿಸಿಯೇ ಉಣ್ಣಿರಿ. ಅಣಬೆಯ ಧೂಳಿನಿಂದ ಕೆಲವರಿಗೆ ಕೆಮ್ಮು, ದಮ್ಮು ಬರುವುದುಂಟು. ಕೀಳುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ.

ಹೊಲದ ಬದುವಿನಲ್ಲಿ ಎದ್ದ ಗುರುತಿಲ್ಲದ ಅಣಬೆಯನ್ನು ತಿನ್ನಲೇಬೇಡಿರಿ. ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲವೆಂಬ ನಂಬಿಕೆ ಸುಳ್ಳು. ಕೆಲವು ವಿಷಗಳು ಬೇಯಿಸಿದರೂ ಹೋಗುವುದಿಲ್ಲ. ಆರು ತಾಸಿನ ಮೇಲೆ ವಾಂತಿ-ಭೇದಿಯಾಗಿ, ಯಕೃತ್ತನ್ನೇ ಕೆಡಿಸುತ್ತವೆ. ಸಂಶಯ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ; ತಿಂದು ಉಳಿದ ಅಣಬೆಯನ್ನೂ ಒಯ್ಯಿರಿ.

ಮಾರುವ ಮೊದಲು

ಹಸಿ ಅಣಬೆ ಒಂದೆರಡು ದಿನದಲ್ಲಿ ಬಾಡುತ್ತದೆ. ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳದೆ ನೂರು ಚೀಲ ಕಟ್ಟಿದರೆ ಸಾಲವೇ ಉಳಿದೀತು. ಮೊದಲು ನಾಲ್ಕು ಚೀಲ ಮನೆಯ ಊಟಕ್ಕೆ ಬೆಳೆದು ಕೈ ಪಳಗಿಸಿಕೊಳ್ಳೋಣ. ಮಿಕ್ಕದ್ದನ್ನು ಬಿಸಿಲಿಗೆ ಒಣಗಿಸಿದರೆ ಕಿಲೋಗೆ ಸುಮಾರು 100 ಗ್ರಾಂ ಆಗಿ, ಗಾಳಿಯಾಡದ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.