ಸುರುಳಿ ಕಟ್ಟಿದ ಕೂದಲೂ ಸುಖನಿದ್ರೆಯೂ

ಈ ಸ್ಮರಣ ಸಂಚಿಕೆಯಲ್ಲಿ ವಿದ್ಯೆ, ಶೀಲ, ಸೇವೆ ಮೊದಲಾದ ದೊಡ್ಡ ವಿಷಯಗಳನ್ನು ಕುರಿತು ಬಲ್ಲವರು ಬರೆಯುವರು. ನಾವಾದರೋ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿರುತ್ತೇವೆ. ಅದೇನಂದರೆ, ಕೂದಲಿಗೆ ಸುರುಳಿ ಕಟ್ಟಿಕೊಂಡು ಮಲಗುವ ಹುಡುಗಿಯು ರಾತ್ರಿಯೆಲ್ಲಾ ನೋವಿಲ್ಲದೆ ನಿದ್ರಿಸುವದು ಹೇಗೆ ಎಂಬದು. ಇದನ್ನು ಓದಿ ಕೆಲವರು ನಗಬಹುದು. ನಾವೂ ಒಂದು ಕಾಲದಲ್ಲಿ ನಕ್ಕವರೇ. ಆ ನಗೆಯು ನಿಂತ ಬಗೆಯನ್ನು ಮೊದಲು ಹೇಳುವೆವು.

ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಷಿಕೋತ್ಸವದಲ್ಲಿ 'ಲಿಟಲ್ ವಿಮೆನ್' ಎಂಬ ಕಥೆಯ ಒಂದೆರಡು ದೃಶ್ಯಗಳನ್ನು ಹುಡುಗಿಯರು ಆಡಿ ತೋರಿಸಿದರು. ಇದು ಲೂಯಿಸಾ ಮೇ ಆಲ್ಕಾಟ್ ಎಂಬ ಅಮೇರಿಕದ ಲೇಖಕಿಯು ೧೮೬೮ರಲ್ಲಿ ಪ್ರಕಟಿಸಿದ ಪುಸ್ತಕ. ಅದರಲ್ಲಿ ಹಿರಿಯಳಾದ ಮೆಗ್ ಎಂಬವಳು ಔತಣಕ್ಕೆ ಹೊರಡುವ ಸಂಜೆ ತನಗೆ ಮುಂಗುರುಳು ಬೇಕೆಂದು ಆಶಿಸಲು, ತಂಗಿಯಾದ ಜೋ ಕಾಗದ ಸುತ್ತಿದ ಕೂದಲನ್ನು ಕಾದ ಇಕ್ಕಳದಿಂದ ಒತ್ತಿ ಸುಟ್ಟೇ ಬಿಡುವಳು. ನಮ್ಮಲ್ಲಿ ಮೆಗ್ ಆಗಿದ್ದ ಹುಡುಗಿಯ ಕೂದಲು ದಟ್ಟವಾಗಿಯೂ ನೆಟ್ಟಗೂ ಇತ್ತು. ಕಾದ ಇಕ್ಕಳವು ಬೇಡವೆಂದು ನಾವು ಹಿಂದಿನ ರಾತ್ರಿ ಪ್ಲಾಸ್ಟಿಕ್ಕಿನ ಮುಳ್ಳುರೋಲರುಗಳನ್ನು ಬಿಗಿಯಾಗಿ ಸುತ್ತಿ, ಪಿನ್ನು ಸಿಕ್ಕಿಸಿ, ವಸತಿಗೃಹದಲ್ಲಿ ಅವಳನ್ನು ಮಲಗಿಸಿದೆವು. ಜೋ ಮಾಡಿದ್ದಕ್ಕಿಂತ ಜಾಣತನದ ಕೆಲಸ ಮಾಡಿದೆವೆಂದು ನಮಗೆ ಹೆಮ್ಮೆಯೂ ಆಯಿತು.

ಬೆಳಿಗ್ಗೆ ಕುರುಳುಗಳೇನೋ ಚೆನ್ನಾಗಿ ಬಂದಿದ್ದವು. ಆದರೆ ಹುಡುಗಿಯ ಕಣ್ಣುಗಳು ಕೆಂಪಾಗಿದ್ದವು. ಕಿವಿಯ ಮೇಲ್ಗಡೆ ರೋಲರಿನ ಮುಳ್ಳು ಒತ್ತಿದ ಗುರುತಿತ್ತು. ಸಂಜೆ ರಂಗದ ಮೇಲೆ ಅವಳು ಚೆನ್ನಾಗಿ ಕಲಿತಿದ್ದ ಮಾತನ್ನೇ ಮರೆತು ನಿಂತಳು. ಆಮೇಲೆ ಕಾರಣ ಕೇಳಲು, "ರಾತ್ರಿಯಿಡೀ ನಿದ್ರೆ ಬರಲಿಲ್ಲ, ಟೀಚರ್. ಚೆಂದ ಕಾಣಬೇಕಾದರೆ ನೋಯಲೇಬೇಕೆಂದು ತಿಳಿದು ಸುಮ್ಮನಿದ್ದೆ" ಎಂದಳು.

ಆ ಮಾತು ನಮ್ಮ ಮನಸ್ಸನ್ನು ಚುಚ್ಚಿತು. ಚೆಲುವಿಗೆ ನೋವೇ ಬೆಲೆಯೆಂದು ಅವಳಿಗೆ ಕಲಿಸಿದವರು ಯಾರು? ಜಡೆ ಹೆಣೆಯುವಾಗ ಮಗುವು ಅಯ್ಯೋ ಎಂದರೆ "ಸ್ವಲ್ಪ ತಾಳಿಕೋ" ಎನ್ನುವ ತಾಯಂದಿರೂ ಅಜ್ಜಿಯರೂ ಉಪಾಧ್ಯಾಯಿನಿಯರೂ ಆದ ನಾವೇ ಅಲ್ಲವೇ? ಆದುದರಿಂದ ಈ ವಿಷಯವನ್ನು ಒಂದು ಪಾಠದಂತೆ ವಿಚಾರಿಸಿ ನೋಡಿದೆವು. ನಮಗೆ ತಿಳಿದುಬಂದದ್ದನ್ನು ಕ್ರಮವಾಗಿ ಹೇಳುವೆವು.

೧. ಪೂರ್ವಕಥೆ

ಗುಂಗುರು ಕೂದಲಿನ ಆಶೆಯು ಇಂದಿನ ಹುಡುಗಿಯರದು ಮಾತ್ರವಲ್ಲ, ಸ್ತ್ರೀಯರದು ಮಾತ್ರವೂ ಅಲ್ಲ. ಇಂಗ್ಲಿಷ್ ಕವಿಯಾದ ಬೈರನ್ ಪ್ರಭುವು ಕಾಗದದ ಸುರುಳಿಗಳನ್ನು ಕಟ್ಟಿಕೊಂಡು ಮಲಗಿದ್ದಾಗ ಅವನ ಸ್ನೇಹಿತನೊಬ್ಬನು ಒಳಗೆ ಬಂದು ಕಂಡುಹಿಡಿದನೆಂದು ಕ್ಯಾಪ್ಟನ್ ಗ್ರೋನೋ ಎಂಬವನು ತನ್ನ ನೆನಪುಗಳಲ್ಲಿ ಬರೆದಿರುವನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾರ್ಲ್ ನೆಸ್ಲರ್ ಎಂಬ ಜರ್ಮನ್ ಕ್ಷೌರಿಕನು ಲಂಡನ್ನಿನಲ್ಲಿದ್ದು, ಔಷಧವನ್ನೂ ಕಾದ ಕಬ್ಬಿಣವನ್ನೂ ಉಪಯೋಗಿಸಿ ತಿಂಗಳುಗಟ್ಟಲೆ ನಿಲ್ಲುವ ಕುರುಳನ್ನು ಮಾಡುವ ಉಪಾಯವನ್ನು ಕಂಡುಕೊಂಡನು. ಮೊದಲಿನ ಪ್ರಯೋಗಗಳು ಅವನ ಹೆಂಡತಿಯ ಮೇಲೆಯೇ ನಡೆದವು. ಅವಳ ಕೂದಲೂ ತಲೆಯ ಚರ್ಮವೂ ಸುಟ್ಟವು. ಕೀರ್ತಿಯು ಗಂಡನಿಗೆ, ಗಾಯವು ಹೆಂಡತಿಗೆ ಬಂದಿತು. ೧೯೩೯ರಿಂದ ೧೯೪೫ರ ವರೆಗಿನ ಮಹಾಯುದ್ಧದಲ್ಲಿ ಬ್ರಿಟನ್ನಿನ ಕಾರ್ಖಾನೆಗಳಿಗೆ ಹೋದ ಸ್ತ್ರೀಯರು ಕೂದಲು ಯಂತ್ರಕ್ಕೆ ಸಿಕ್ಕದಂತೆ ತಲೆಗೆ ವಸ್ತ್ರವನ್ನು ಸುತ್ತಿಕೊಳ್ಳುತ್ತಿದ್ದರು. ಅದರೊಳಗೆ ಸುರುಳಿಗಳನ್ನು ಇಟ್ಟುಕೊಂಡೇ ದುಡಿದವರೂ ಇದ್ದರು.

೨. ಕೂದಲಿನ ಸ್ವಭಾವ

ಕೂದಲು ಕೆರಾಟಿನ್ ಎಂಬ ಪದಾರ್ಥದಿಂದ ಆದದ್ದು. ನಮ್ಮ ಉಗುರೂ ಕುರಿಯ ಉಣ್ಣೆಯೂ ಈ ಜಾತಿಯವೇ. ಇದರ ಉದ್ದವಾದ ಅಣುಸರಪಣಿಗಳನ್ನು ಒಂದಕ್ಕೊಂದು ಹಿಡಿದಿರುವ ಬಂಧಗಳಲ್ಲಿ ಎರಡನ್ನು ನಾವು ತಿಳಿದರೆ ಸಾಕು. ಗಂಧಕದ ಬಂಧವು ಬಲವಾದದ್ದು, ಅದು ನೀರಿಗೆ ಜಗ್ಗದು. ಜಲಜನಕದ ಬಂಧವು ಮೆದುವಾದದ್ದು. ಕೂದಲು ತೊಯ್ದರೆ ಅದು ಬಿಡುವದು, ಒಣಗಿದರೆ ಮತ್ತೆ ಕೂಡುವದು. ತೇವವಾದ ಬಟ್ಟೆಯನ್ನು ಮಡಿಸಿಟ್ಟರೆ ಒಣಗಿದ ಮೇಲೆ ಮಡಿಕೆಯು ನಿಲ್ಲುವಂತೆ, ತೇವವಾದ ಕೂದಲು ಯಾವ ಆಕಾರದಲ್ಲಿ ಒಣಗುವದೋ ಆ ಆಕಾರವನ್ನೇ ಹಿಡಿಯುವದು. ಮತ್ತೆ ನೀರು ತಾಕಿದರೆ ಆ ಆಕಾರವು ಹೋಗುವದು. ಮಳೆಗಾಲದಲ್ಲಿ ಕರಾವಳಿಯ ಊರುಗಳಲ್ಲಿ ಬೆಳಗಿನ ಕುರುಳು ಮಧ್ಯಾಹ್ನಕ್ಕೆ ಇಳಿದುಬೀಳುವದು ಗಾಳಿಯ ತೇವದಿಂದಲೇ.

ಇದರಿಂದ ನಾವು ಕಲಿಯತಕ್ಕದ್ದು ಏನು? ಕುರುಳನ್ನು ಮಾಡುವವು ನೀರೂ ಹೊತ್ತೂ ಆಗಿವೆ, ಬಿಗಿತವಲ್ಲ. ಕುರುಳು ದೊಡ್ಡದಾಗುವದೋ ಚಿಕ್ಕದಾಗುವದೋ ಎಂಬದು ಸುತ್ತುವ ವಸ್ತುವಿನ ದಪ್ಪವನ್ನು ಹೊಂದಿಕೊಂಡಿರುವದು. ಕೂದಲು ನಯವಾಗಿ ಸುತ್ತಿಕೊಳ್ಳುವಷ್ಟು ಎಳೆದರೆ ಸಾಕು. ಅದಕ್ಕಿಂತ ಹೆಚ್ಚಾಗಿ ಎಳೆದದ್ದೆಲ್ಲಾ ವ್ಯರ್ಥವಾದ ನೋವು.

೩. ನೋವಿನ ಕಾರಣಗಳು

ಒಂದನೆಯದು, ಒತ್ತಡ. ಬೆಳೆದವರ ತಲೆಯು ನಾಲ್ಕೈದು ಕಿಲೋಗ್ರಾಂ ತೂಗುವದು. ಮೆತ್ತನೆಯ ದಿಂಬಿನ ಮೇಲೆ ಈ ಭಾರವು ಹರಡಿಕೊಳ್ಳುವದು. ಕೆಳಗೆ ಗಟ್ಟಿಯಾದ ರೋಲರು ಇದ್ದರೆ ಭಾರವೆಲ್ಲಾ ಅದರ ಅಂಚಿನ ಮೇಲೆಯೇ ಕೂತು ಚರ್ಮವನ್ನು ಒತ್ತುವದು.

ಎರಡನೆಯದು, ಎಳೆತ. ಮಲಗುವಾಗ ಸರಿಯಾಗಿದ್ದ ಸುರುಳಿಯು ನಡುರಾತ್ರಿಯಲ್ಲಿ ಬಿಗಿಯೆನಿಸುವದನ್ನು ಅನೇಕರು ಬಲ್ಲರು. ಕೂದಲು ತೇವದಲ್ಲಿ ಸ್ವಲ್ಪ ಉದ್ದವಾಗಿ, ಒಣಗುವಾಗ ಸ್ವಲ್ಪ ಕುಗ್ಗುವದು. ಈ ಗುಣವನ್ನೇ ಆಧಾರ ಮಾಡಿಕೊಂಡು ಜಿನೀವದ ಪಂಡಿತನಾದ ಸೋಸ್ಯೂರ್ ಎಂಬವನು ಮನುಷ್ಯನ ಕೂದಲಿನಿಂದ ಗಾಳಿಯ ತೇವವನ್ನು ಅಳೆಯುವ ಯಂತ್ರವನ್ನು ಮಾಡಿ, ೧೭೮೩ರಲ್ಲಿ ಅದನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಆದುದರಿಂದ ತೇವದಲ್ಲಿಯೇ ಬಿಗಿಯಾಗಿ ಸುತ್ತಿದ್ದು ಒಣಗಿದಾಗ ಇನ್ನೂ ಬಿಗಿಯುವದು. ಈ ಎಳೆತವು ದಿನದಿನವೂ ನಡೆದರೆ ಹಣೆಯ ಅಂಚಿನಲ್ಲಿಯೂ ಕಪೋಲದ ಮೇಲಿನ ಪಕ್ಕಗಳಲ್ಲಿಯೂ ಕೂದಲು ಉದುರುವದು. ಬಿಗಿಯಾಗಿ ಕೂದಲು ಕಟ್ಟುತ್ತಿದ್ದ ಗ್ರೀನ್‌ಲೆಂಡಿನವರಲ್ಲಿ ಇಂಥ ಕೇಶನಾಶವನ್ನು ವೈದ್ಯರು ೧೯೦೭ರಲ್ಲಿಯೇ ವರ್ಣಿಸಿದ್ದರು. ಬೇಗನೆ ಎಳೆತವನ್ನು ನಿಲ್ಲಿಸಿದರೆ ಕೂದಲು ತಿರುಗಿ ಬರುವದು. ವರ್ಷಗಟ್ಟಲೆ ಉದಾಸೀನ ಮಾಡಿದರೆ ಬಾರದೆಯೂ ಹೋಗಬಹುದು.

ಮೂರನೆಯದು, ಚುಚ್ಚುವ ತುದಿಗಳು. ತುದಿಯ ಮೇಣ ಹೋದ ಪಿನ್ನು, ರೋಲರಿನ ಮುಳ್ಳು, ಕೆಳಮುಖವಾದ ಗಂಟು, ಇವು ಹಗಲಿನಲ್ಲಿ ಅಲ್ಪವೆಂದು ತೋರಿದರೂ ರಾತ್ರಿಯಲ್ಲಿ ದೊಡ್ಡ ಶತ್ರುಗಳಾಗುವವು.

೪. ಸುಖವಾದ ಕ್ರಮ

ಎಲ್ಲಕ್ಕಿಂತ ಮೆತ್ತಗಾದದ್ದು ಬಟ್ಟೆಯ ಸುರುಳಿ. ಯುರೋಪಿನ ಅಜ್ಜಿಯರು ಮೊಮ್ಮಕ್ಕಳಿಗೆ ಇದನ್ನೇ ಕಟ್ಟುತ್ತಿದ್ದರು. ಹಳೆಯದಾಗಿ ಮೆದುವಾದ ನೂಲಿನ ಸೀರೆಯನ್ನೋ ಪಂಚೆಯನ್ನೋ ಎರಡು ಅಂಗುಲ ಅಗಲ, ಹತ್ತು ಅಂಗುಲ ಉದ್ದದ ಪಟ್ಟಿಗಳಾಗಿ ಹರಿಯಿರಿ. ಹನ್ನೆರಡು ಪಟ್ಟಿಗಳು ಸಾಮಾನ್ಯವಾಗಿ ಸಾಕಾಗುವವು.

ಎಣ್ಣೆಯ ಕೂದಲಿಗೆ ಕುರುಳು ನಿಲ್ಲದು. ಆದುದರಿಂದ ಅಂದು ಮಧ್ಯಾಹ್ನವೇ ತಲೆಯನ್ನು ತೊಳೆದು ಒಣಗಿಸಬೇಕು. ಸಂಜೆ ಕೈಗೆ ನೀರು ಹಚ್ಚಿಕೊಂಡು ಕೂದಲನ್ನು ಸವರಿರಿ. ಮುಟ್ಟಿದರೆ ತಂಪು ತಿಳಿಯಬೇಕು, ಹಿಂಡಿದರೆ ಹನಿ ಬೀಳಬಾರದು. ನೆನೆದ ಕೂದಲು ಒಣಗಿದ್ದಕ್ಕಿಂತ ಬೇಗನೆ ಹರಿಯುವದು. ಅದು ರಾತ್ರಿಯೊಳಗೆ ಒಣಗುವದೂ ಇಲ್ಲ.

ಕೂದಲನ್ನು ಬೈತಲೆ ತೆಗೆದು ಭಾಗ ಮಾಡಿ, ಒಂದೊಂದು ಭಾಗವನ್ನು ಸಿಕ್ಕಿಲ್ಲದಂತೆ ಬಾಚಿರಿ. ಕೂದಲಿನ ತುದಿಯನ್ನು ಪಟ್ಟಿಯ ನಡುವೆ ಇಟ್ಟು ಮೇಲಕ್ಕೆ ಸುತ್ತುತ್ತಾ ಹೋಗಿ, ಬುಡದ ಹತ್ತಿರ ಒಂದು ಬೆರಳು ಹೋಗುವಷ್ಟು ಸಡಿಲ ಬಿಟ್ಟು, ಪಟ್ಟಿಯ ಎರಡು ತುದಿಗಳನ್ನು ಸುಲಭವಾಗಿ ಬಿಚ್ಚುವ ಹಾಗೆ ಕಟ್ಟಿರಿ. ಗಂಟು ಯಾವಾಗಲೂ ಮೇಲ್ಗಡೆ ಇರಬೇಕು.

ಇನ್ನು ಸ್ಥಳದ ವಿಚಾರ. ಹುಡುಗಿಯು ಯಾವ ಮಗ್ಗುಲಾಗಿ ಮಲಗುವಳೆಂದು ಮೊದಲು ಕೇಳಿರಿ. ನೆತ್ತಿಯ ಮೇಲೂ ಹಣೆಯ ಮೇಲೂ ಬೇಕಾದಷ್ಟು ಸುರುಳಿಗಳನ್ನು ಕಟ್ಟಬಹುದು, ಯಾಕಂದರೆ ದಿಂಬು ಅಲ್ಲಿ ತಾಕದು. ಹೆಡತಲೆಯ ಕೂದಲನ್ನು ಮೇಲಕ್ಕೆ ತಂದು ನೆತ್ತಿಯ ಹಿಂಭಾಗದಲ್ಲಿ ಸುರುಳಿ ಮಾಡಿರಿ. ಕತ್ತಿನ ಕೆಳಗೆ ಟವಲನ್ನು ಉರುಟಾಗಿ ಸುತ್ತಿ ಇಟ್ಟರೆ ಹೆಡತಲೆಯ ಮೇಲಿನ ಭಾರವು ಕಡಿಮೆಯಾಗುವದು.

ಕಟ್ಟಿದ ಮೇಲೆ ಎರಡು ಪರೀಕ್ಷೆಗಳುಂಟು. ಹುಬ್ಬುಗಳನ್ನು ಮೇಲಕ್ಕೆತ್ತಿದಾಗ ಹಣೆಯ ಚರ್ಮವು ಎಳೆದರೆ ಸುರುಳಿಗಳನ್ನು ಸಡಿಲಿಸಬೇಕು. ಬಳಿಕ ದೀಪವಾರಿಸುವ ಮೊದಲು ಐದು ನಿಮಿಷ ದಿಂಬಿನ ಮೇಲೆ ಮಲಗಿ ನೋಡಬೇಕು. ಆಗ ನೋಯುವ ಸುರುಳಿಯು ರಾತ್ರಿಯಲ್ಲಿಯೂ ನೋಯುವದು, ಅದನ್ನು ಬಿಚ್ಚಿಬಿಡಿರಿ. ಎಲ್ಲವೂ ಸರಿಯಾದ ಮೇಲೆ ರೇಶಿಮೆಯ ಅಥವಾ ನಯವಾದ ನೂಲಿನ ಚೌಕವನ್ನು ತಲೆಗೆ ಸುತ್ತಿ ಹಣೆಯ ಮೇಲೆ ಗಂಟು ಹಾಕಿರಿ. ಕುತ್ತಿಗೆಯ ಸುತ್ತ ಎಂದಿಗೂ ಗಂಟು ಹಾಕಬಾರದು.

ಬೆಳಿಗ್ಗೆ ಕೂದಲು ಪೂರ್ಣವಾಗಿ ಒಣಗಿದೆಯೆಂದು ತಿಳಿದ ಮೇಲೆಯೇ ಪಟ್ಟಿಗಳನ್ನು ಬಿಚ್ಚಿರಿ. ಬಾಚಣಿಗೆಯನ್ನು ಮುಟ್ಟದೆ ಬೆರಳುಗಳಿಂದಲೇ ಬಿಡಿಸಿರಿ.

ಸೊಂಟದವರೆಗೆ ಕೂದಲಿದ್ದವರು ಬುಡದವರೆಗೆ ಸುತ್ತುವ ಶ್ರಮವನ್ನು ತೆಗೆದುಕೊಳ್ಳಬಾರದು. ಆ ಗಂಟುಗಳ ಭಾರವೇ ಎಳೆಯುವದು. ಅಂಥವರು ತೇವದ ಕೂದಲನ್ನು ನಾಲ್ಕು ಅಥವಾ ಆರು ಸಡಿಲವಾದ ಜಡೆಗಳಾಗಿ ಹೆಣೆದು ಮಲಗಿದರೆ ಬೆಳಿಗ್ಗೆ ಅಲೆಯಲೆಯಾದ ಕೂದಲನ್ನು ಕಾಣುವರು. ಶಾಲೆಗೆ ಎರಡು ಜಡೆ ಹಾಕಿಕೊಂಡು ಬಂದ ನಮ್ಮ ಹಳೆಯ ವಿದ್ಯಾರ್ಥಿನಿಯರು ಜಡೆ ಬಿಚ್ಚಿದ ಸಂಜೆಗಳಲ್ಲಿ ಈ ಅಲೆಗಳನ್ನು ಕಂಡೇ ಇರುವರು.

ರೋಲರುಗಳೇ ಬೇಕೆನ್ನುವವರು ಸ್ಪಂಜಿನವುಗಳನ್ನು ಆರಿಸಿಕೊಂಡು, ಅವುಗಳ ಕೊಂಡಿಯು ಚರ್ಮದ ಕಡೆಗೆ ಬಾರದಂತೆ ಹಾಕಬೇಕು. ಮುಳ್ಳುರೋಲರುಗಳು ಎಚ್ಚರವಾಗಿ ಕೂತಿರುವ ಹೊತ್ತಿಗೆ ಮಾತ್ರ ತಕ್ಕವು. ವಿದ್ಯುತ್ತಿನಿಂದ ಕಾಯಿಸಿದವುಗಳನ್ನು ಹಾಕಿಕೊಂಡು ಮಲಗಲೇಬಾರದು.

೫. ಯಾವಾಗ ಬೇಡ?

ತಲೆಯಲ್ಲಿ ಹುಣ್ಣು, ತುರಿ ಇದ್ದಾಗಲೂ, ಕೂದಲು ಉದುರುತ್ತಿರುವಾಗಲೂ, ಪರೀಕ್ಷೆಯ ಹಿಂದಿನ ರಾತ್ರಿಯಲ್ಲಿಯೂ ಸುರುಳಿಯು ಬೇಡ. ಹದಿಮೂರರಿಂದ ಹದಿನೆಂಟು ವರ್ಷದವರಿಗೆ ದಿನಕ್ಕೆ ೮ರಿಂದ ೧೦ ತಾಸು ನಿದ್ರೆ ಬೇಕೆಂದು ನಿದ್ರಾಶಾಸ್ತ್ರವನ್ನು ಬಲ್ಲ ವೈದ್ಯರು ಹೇಳುವರು. ಕಲಿತದ್ದು ನೆನಪಿನಲ್ಲಿ ಊರುವದಕ್ಕೂ ನಿದ್ರೆಯು ಅವಶ್ಯ. ನಮ್ಮ ಮೆಗ್ ರಂಗದ ಮೇಲೆ ಮರೆತ ಮಾತು ಇದಕ್ಕೆ ನಾವು ಕೊಟ್ಟ ದಂಡವೆಂದೇ ನೆನಸುತ್ತೇವೆ.

ಮರುವರ್ಷ ಅದೇ ಹುಡುಗಿಗೆ ಬೇರೊಂದು ನಾಟಕದಲ್ಲಿ ಪಾತ್ರವು ಬಂದಿತು. ಈ ಸಾರಿ ಬಟ್ಟೆಯ ಪಟ್ಟಿಗಳನ್ನು ಕಟ್ಟಿದೆವು. ಎಲ್ಲಾದರೂ ನೋಯುತ್ತದೋ ಎಂದು ಮೂರು ಸಾರಿ ಕೇಳಿದೆವು. ಕಿವಿಯ ಹಿಂದಿನ ಒಂದು ಗಂಟು ನೋಯುತ್ತದೆಂದು ಅವಳು ತಾನಾಗಿ ಹೇಳಲು ಅದನ್ನು ಸಡಿಲ ಮಾಡಿದೆವು. ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿದರೆ ಬಾಯಿ ತೆರೆದು ಗಾಢವಾಗಿ ನಿದ್ರಿಸುತ್ತಿದ್ದಳು. ಬೆಳಿಗ್ಗೆ ಆ ಸಡಿಲವಾದ ಗಂಟು ಬಿಚ್ಚಿಹೋಗಿ ಅಲ್ಲಿಯ ಕೂದಲು ಮಾತ್ರ ನೆಟ್ಟಗಿತ್ತು. "ಟೀಚರ್, ಒಂದು ಕುರುಳು ಓಡಿಹೋಗಿದೆ" ಎಂದು ನಕ್ಕಳು. ಸಂಜೆ ಸಭೆಯಲ್ಲಿದ್ದವರು ಯಾರೂ ಅದನ್ನು ಗಮನಿಸಲಿಲ್ಲ. ಅವಳ ಮಾತುಗಳಾದರೋ ಒಂದೂ ತಪ್ಪಲಿಲ್ಲ.

ತಾಯಂದಿರೇ, ನಮ್ಮ ಹೆಣ್ಣುಮಕ್ಕಳು ಅಂದವಾಗಿ ಕಾಣಲು ಆಶಿಸುವದು ತಪ್ಪಲ್ಲ. ಆದರೆ ಅವರ ತಲೆಗೆ ಕೈಯಿಡುವಾಗ "ತಾಳಿಕೋ" ಎನ್ನುವದನ್ನು ಬಿಟ್ಟು "ನೋಯುತ್ತದೋ?" ಎಂದು ಕೇಳೋಣ. ನೋಯುತ್ತದೆಂದು ಹೇಳುವದಕ್ಕೆ ಮನೆಯಲ್ಲಿ ಕಲಿತ ಹುಡುಗಿಯು ಮುಂದೆ ಹೊರಗಿನ ಲೋಕದಲ್ಲಿಯೂ ಅದನ್ನು ಬಾಯಿಬಿಟ್ಟು ಹೇಳಬಲ್ಲಳು.